ಪರಮಾಣು ಕುಲುಮೆಯ ಮುಂದೆ ವಿದ್ಯಾರ್ಥಿ

ಚೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಂದು ವಿಚಿತ್ರವಾದ ಗುಬ್ಬಚ್ಚಿಯಿದೆ. ಅದಕ್ಕೆ ರೆಕ್ಕೆಗಳಿಲ್ಲ, ಕೊಕ್ಕಿಲ್ಲ. ಇರುವುದು ನೀರು ತುಂಬಿದ ಒಂದು ಆಳವಾದ ತೊಟ್ಟಿ, ಅದರ ತಳದಲ್ಲಿ ಯುರೇನಿಯಂ ಇಂಧನದ ಒಂದು ಜೋಡಣೆ. ವಿಆರ್-1 ಎಂಬ ಈ ಪರಮಾಣು ರಿಯಾಕ್ಟರಿಗೆ ಅಲ್ಲಿನವರು ಇಟ್ಟಿರುವ ಮುದ್ದಿನ ಹೆಸರು ‘ವ್ರಾಬೆಟ್ಸ್’, ಎಂದರೆ ಗುಬ್ಬಚ್ಚಿ. 1990ರ ಡಿಸೆಂಬರ್ 3ರಂದು ಅದು ಮೊದಲ ಬಾರಿಗೆ ಜೀವ ತಳೆಯಿತು. ದಿನನಿತ್ಯದ ಪಾಠಗಳಲ್ಲಿ ಅದು ಹೊರಸೂಸುವ ಶಾಖ ನಮ್ಮ ಮನೆಯ ವಿದ್ಯುತ್ ಇಸ್ತ್ರಿ ಪೆಟ್ಟಿಗೆಯ ಶಾಖವನ್ನು ಮೀರುವುದಿಲ್ಲ. ಇದರಿಂದ ಒಂದು ಬೀದಿಯ ದೀಪಗಳನ್ನೂ ಬೆಳಗಿಸಲಾಗದು. ಆದರೂ ದೂರದೂರದ ದೇಶಗಳ ತರುಣರು ಈ ಗುಬ್ಬಚ್ಚಿಯನ್ನು ಹುಡುಕಿಕೊಂಡು ಬರುತ್ತಾರೆ. ಅವರು ಬರುವುದು ವಿದ್ಯುತ್ತಿಗಾಗಿ ಅಲ್ಲ. ರಿಯಾಕ್ಟರೊಂದನ್ನು ತಮ್ಮ ಕೈಯಿಂದಲೇ ನಿದ್ರೆಯಿಂದ ಎಬ್ಬಿಸಿ, ನಡೆಸಿ, ಮತ್ತೆ ಮಲಗಿಸುವ ವಿದ್ಯೆಗಾಗಿ.

ಈ ವಿದ್ಯೆಯನ್ನು ಪುಸ್ತಕದಿಂದ ಕಲಿಯಲಾಗದೇ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಹೇಳುವ ಮೊದಲು, ಅಲ್ಲಿ ವಿದ್ಯಾರ್ಥಿಗಳು ಮಾಡುವ ಒಂದು ಪ್ರಯೋಗವನ್ನು ನಾವು ತುಸು ನಿಧಾನವಾಗಿ ನೋಡೋಣ.

ಯುರೇನಿಯಂ ಪರಮಾಣುವಿನ ಬೀಜಕ್ಕೆ ಒಂದು ನ್ಯೂಟ್ರಾನ್ ತಗುಲಿದರೆ ಬೀಜ ಇಬ್ಭಾಗವಾಗುತ್ತದೆ; ಆಗ ಎರಡು ಮೂರು ಹೊಸ ನ್ಯೂಟ್ರಾನುಗಳು ಹೊರಬರುತ್ತವೆ. ಅವು ಮತ್ತೆ ಬೇರೆ ಬೀಜಗಳನ್ನು ಒಡೆಯುತ್ತವೆ. ಇದೇ ಸರಪಣಿ ಕ್ರಿಯೆ. ಹುಟ್ಟಿದ ನ್ಯೂಟ್ರಾನುಗಳಲ್ಲಿ ಹಲವು ಹೊರಕ್ಕೆ ಸೋರಿಹೋಗುತ್ತವೆ, ಹಲವನ್ನು ನಿಯಂತ್ರಣ ಸರಳುಗಳು ಹೀರಿಕೊಳ್ಳುತ್ತವೆ. ಒಂದು ತಲೆಮಾರಿನ ಸಾವಿರ ನ್ಯೂಟ್ರಾನುಗಳಿಂದ ಮುಂದಿನ ತಲೆಮಾರಿನಲ್ಲಿಯೂ ಸರಿಯಾಗಿ ಸಾವಿರವೇ ಉಳಿದರೆ ಕ್ರಿಯೆ ತಾನಾಗಿಯೇ ಸಮವಾಗಿ ನಡೆಯುತ್ತದೆ. ಇದಕ್ಕೆ ಕ್ರಾಂತಿಕ ಸ್ಥಿತಿ ಎಂದು ಹೆಸರು. ಸಾವಿರಕ್ಕೆ ಒಂಬೈನೂರು ಉಳಿದರೆ ಕ್ರಿಯೆ ನಂದಿಹೋಗುತ್ತದೆ.

ಹೊಸ ರಿಯಾಕ್ಟರಿನಲ್ಲಿ ಈ ಸ್ಥಿತಿ ಯಾವ ಕ್ಷಣದಲ್ಲಿ ಒದಗುವುದೆಂದು ತಿಳಿಯುವುದು ಹೇಗೆ? ಇಂಧನದ ಬಳಿ ನ್ಯೂಟ್ರಾನುಗಳನ್ನು ಸತತವಾಗಿ ಸೂಸುವ ಒಂದು ಸಣ್ಣ ಆಕರವನ್ನು ಇಡುತ್ತಾರೆ. ಪಕ್ಕದಲ್ಲಿ ನ್ಯೂಟ್ರಾನುಗಳನ್ನು ಎಣಿಸುವ ಶೋಧಕಗಳನ್ನು ಇರಿಸುತ್ತಾರೆ. ಇಂಧನವಿಲ್ಲದಾಗ ಶೋಧಕ ನಿಮಿಷಕ್ಕೆ 200 ಎಣಿಸಿತೆಂದು ಭಾವಿಸೋಣ. ಸ್ವಲ್ಪ ಇಂಧನ ಸೇರಿಸಿದಾಗ ಎಣಿಕೆ 400 ಆಯಿತು. ಇನ್ನಷ್ಟು ಸೇರಿಸಿದಾಗ 800. ಮತ್ತಷ್ಟು ಸೇರಿಸಿದಾಗ 2,000. ವಿದ್ಯಾರ್ಥಿ ಈ ಸಂಖ್ಯೆಗಳನ್ನು ತಲೆಕೆಳಗು ಮಾಡಿ, ಮೊದಲಿನ ಎಣಿಕೆಯನ್ನು ಈಗಿನ ಎಣಿಕೆಯಿಂದ ಭಾಗಿಸಿ, ನಕ್ಷೆಯ ಹಾಳೆಯ ಮೇಲೆ ಗುರುತಿಸುತ್ತಾನೆ: ಒಂದು, ಅರ್ಧ, ಕಾಲು, ಹತ್ತನೆಯ ಒಂದು. ಬಿಂದುಗಳು ಕೆಳಮುಖವಾಗಿ ಇಳಿಯುತ್ತವೆ. ಅವುಗಳನ್ನು ಕೂಡಿಸುವ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಸೊನ್ನೆಯನ್ನು ಎಲ್ಲಿ ಮುಟ್ಟುವುದೋ ಅಲ್ಲಿಯೇ ಕ್ರಾಂತಿಕ ಸ್ಥಿತಿ.

ಎಷ್ಟು ಸರಳ! ಹೈಸ್ಕೂಲಿನ ಭಿನ್ನರಾಶಿಯ ಗಣಿತವೇ ಸಾಕು. ಆದರೆ ಗೆರೆ ಎಂದೂ ಪಾಠಪುಸ್ತಕದ ಗೆರೆಯಂತೆ ನೇರವಾಗಿ ಇಳಿಯುವುದಿಲ್ಲ. ಶೋಧಕವನ್ನು ಇಂಧನಕ್ಕೆ ತುಸು ಹತ್ತಿರವಿಟ್ಟರೆ ಒಂದು ಕಡೆಗೆ ಬಾಗುತ್ತದೆ, ದೂರವಿಟ್ಟರೆ ಇನ್ನೊಂದು ಕಡೆಗೆ. ಒಂದು ಬಾಗಿದ ಗೆರೆ ‘ಇನ್ನೂ ಬಹಳ ದೂರವಿದೆ’ ಎಂದು ಸುಳ್ಳು ಭರವಸೆ ಕೊಡುತ್ತದೆ. ಆದುದರಿಂದ, ನಕ್ಷೆ ಇನ್ನೂ ಇಷ್ಟು ಇಂಧನ ಬೇಕೆಂದು ಹೇಳಿದರೆ, ಅದರ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಸಲಕ್ಕೆ ಸೇರಿಸಬಾರದೆಂಬುದು ಈ ಕಸುಬಿನವರು ಪಾಲಿಸುವ ಕಟ್ಟಳೆ. ಪ್ರತಿ ಹೆಜ್ಜೆಯ ಬಳಿಕ ಎಣಿಕೆ ಒಂದು ನೆಲೆಗೆ ನಿಲ್ಲುವವರೆಗೆ ಕಾಯಬೇಕು. ಕ್ರಾಂತಿಕ ಸ್ಥಿತಿ ಸಮೀಪಿಸಿದಂತೆಲ್ಲ ಈ ಕಾಯುವಿಕೆಯೂ ಉದ್ದವಾಗುತ್ತ ಹೋಗುತ್ತದೆ. ಮೊದಲು ಕ್ಷಣದಲ್ಲಿ ನೆಲೆ ನಿಂತ ಮುಳ್ಳು ಈಗ ನಿಮಿಷಗಟ್ಟಲೆ ಏರುತ್ತಲೇ ಇರುತ್ತದೆ. ಅವಸರದ ಸ್ವಭಾವದ ವಿದ್ಯಾರ್ಥಿ ಇಲ್ಲಿ ಸಿಕ್ಕಿಬೀಳುತ್ತಾನೆ. ಮುಳ್ಳು ನಿಲ್ಲುವ ಮೊದಲೇ ಅಂಕಿಯನ್ನು ಬರೆದುಕೊಂಡವನ ನಕ್ಷೆಯನ್ನು ನೋಡಿದ ಕೂಡಲೇ ಅಧ್ಯಾಪಕನಿಗೆ ಅವನ ಸ್ವಭಾವ ತಿಳಿಯುತ್ತದೆಯೆಂದು ನಮಗೆ ತೋರುತ್ತದೆ.

ಇಲ್ಲಿ ನಮ್ಮದೇ ಒಂದು ಹಳೆಯ ನೆನಪು. ನಾವು ಓದಿದ ಕಾಲೇಜಿನಲ್ಲಿ ವಿಕಿರಣವನ್ನು ಅಳೆಯುವ ಗೈಗರ್ ಗಣಿತ್ರವೊಂದು ಗಾಜಿನ ಬೀರುವಿನೊಳಗೆ ಭದ್ರವಾಗಿತ್ತು. ಅದನ್ನು ಹೊರತೆಗೆಯುವುದು ಪರೀಕ್ಷಕರು ಬಂದ ದಿನ ಮಾತ್ರ. ನಾವೆಲ್ಲರೂ ಹಿಂದಿನ ವರ್ಷದವರ ದಾಖಲೆ ಪುಸ್ತಕದಿಂದ ಅಂಕಿಗಳನ್ನು ನಕಲು ಮಾಡಿದೆವು. ನಮ್ಮ ಗೆರೆಗಳು ಬಹು ಸೊಗಸಾಗಿ ಬಂದವು. ಒಂದು ಬಿಂದುವೂ ದಾರಿ ತಪ್ಪಲಿಲ್ಲ. ಬಿಂದುಗಳು ದಾರಿ ತಪ್ಪುವುದೇ ನಿಸರ್ಗದ ಸಹಜ ನಡೆಯೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ.

ರಿಯಾಕ್ಟರಿನ ವಿಷಯದಲ್ಲಿ ಇಂತಹ ಕಲಿಕೆ ಸಲ್ಲದು. ಏಕೆಂದರೆ ಅಲ್ಲಿ ಕಾಲದ ಲೆಕ್ಕವೇ ಬೇರೆ. ನೀರಿನಲ್ಲಿ ನೆನೆದ ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ಒಂದು ತಲೆಮಾರು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಅಥವಾ ಅದಕ್ಕಿಂತಲೂ ಕಡಿಮೆ ಕಾಲ ಬಾಳುತ್ತದೆ. ಪ್ರತಿ ತಲೆಮಾರಿನಲ್ಲಿ ಸಾವಿರ ನ್ಯೂಟ್ರಾನುಗಳು ಸಾವಿರದ ಒಂದಾದರೆ ಸಾಕು, ಸೆಕೆಂಡಿನಲ್ಲಿ ಹತ್ತು ಸಾವಿರ ತಲೆಮಾರುಗಳು ಕಳೆದು ಅವುಗಳ ಸಂಖ್ಯೆ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲಾಗಬೇಕು! ಮನುಷ್ಯನ ಕೈ ಗುಂಡಿಯನ್ನು ಮುಟ್ಟುವುದರೊಳಗೆ ಎಲ್ಲವೂ ಮುಗಿದುಹೋಗಬೇಕು. ಹಾಗಾಗುವುದಿಲ್ಲ. ಯುರೇನಿಯಂ-235ರ ವಿದಳನದಲ್ಲಿ ಹುಟ್ಟುವ ಸಾವಿರ ನ್ಯೂಟ್ರಾನುಗಳಲ್ಲಿ ಆರೇಳು ಮಾತ್ರ ಒಡನೆಯೇ ಹೊರಬರದೆ, ಒಡೆದ ಚೂರುಗಳೊಳಗೆ ಅಡಗಿದ್ದು ಕೆಲವು ಸೆಕೆಂಡುಗಳಷ್ಟು, ಕೆಲವೊಮ್ಮೆ ನಿಮಿಷಕ್ಕೂ ಮಿಗಿಲಾಗಿ, ತಡಮಾಡಿ ಹೊರಡುತ್ತವೆ. ಈ ಆರೇಳು ಸೋಮಾರಿಗಳೇ ಇಡೀ ಸರಪಣಿಯ ಕಾಲನ್ನು ಹಿಡಿದೆಳೆಯುತ್ತವೆ. ಅವುಗಳ ದೆಸೆಯಿಂದ ಮೇಲಿನ ಉದಾಹರಣೆಯ ರಿಯಾಕ್ಟರು ತನ್ನ ಬಲವನ್ನು ಇಮ್ಮಡಿ ಮಾಡಿಕೊಳ್ಳಲು ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಪ್ರಾಗಿನ ವಿದ್ಯಾರ್ಥಿಗಳು ಯುರೇನಿಯಂನ ಒಂದು ಸಣ್ಣ ಮಾದರಿಯನ್ನು ರಿಯಾಕ್ಟರಿನೊಳಕ್ಕೆ ಕಳುಹಿಸಿ, ಹೊರಕ್ಕೆ ತಂದು, ತಡವಾಗಿ ಹೊರಡುವ ಈ ನ್ಯೂಟ್ರಾನುಗಳನ್ನು ತಾವೇ ಎಣಿಸುತ್ತಾರೆ. ತಮ್ಮ ಜೀವ ಯಾವುದರ ಮೇಲೆ ನಿಂತಿದೆಯೆಂಬುದನ್ನು ಎಣಿಸಿ ನೋಡುವುದೆಂದರೆ ಇದೇ.

‘ಜೀವ’ ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಲಿಲ್ಲ. 1958ರ ಅಕ್ಟೋಬರ್ 15ರಂದು, ಅಂದಿನ ಯುಗೋಸ್ಲಾವಿಯದ ಬೆಲ್‌ಗ್ರೇಡ್ ಬಳಿಯ ವಿಂಚಾ ಎಂಬಲ್ಲಿ, ಕೆಲವು ತರುಣ ಸಂಶೋಧಕರು ಇಂತಹದೇ ಒಂದು ಪುಟ್ಟ ಪ್ರಾಯೋಗಿಕ ರಿಯಾಕ್ಟರಿನ ಮುಂದಿದ್ದರು. ಯುರೇನಿಯಂ ಸರಳುಗಳ ತೊಟ್ಟಿಯಲ್ಲಿ ಭಾರಜಲದ ಮಟ್ಟವನ್ನು ಮೆಲ್ಲಮೆಲ್ಲನೆ ಏರಿಸಿ ಎಣಿಕೆ ಮಾಡುವುದು ಅವರ ಕೆಲಸ. ಸುತ್ತಲೂ ವಿಕಿರಣವನ್ನು ತಡೆಯುವ ಗೋಡೆಯಿರಲಿಲ್ಲ. ಇಷ್ಟು ಸಣ್ಣ ಬಲದ ಸಾಧನಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಒಂದು ಶೋಧಕ ಅಡ್ಡಾದಿಡ್ಡಿಯಾಗಿ ಎಣಿಸುತ್ತಿತ್ತು. ಕೆಟ್ಟಿದೆಯೆಂದು ಅದನ್ನು ಕಳಚಿದರು. ಉಳಿದೆರಡರ ಮುಳ್ಳುಗಳು ಏರಿ ಒಂದೆಡೆ ನಿಂತವು. ಮುಳ್ಳು ನಿಂತಿತೆಂದರೆ ಕ್ರಿಯೆ ನೆಲೆಗೊಂಡಿತೆಂದು ಅರ್ಥವಲ್ಲವೆ? ನಿಜ ಸಂಗತಿ ಬೇರೆಯಾಗಿತ್ತು. ಆ ಶೋಧಕಗಳು ತಮ್ಮ ಎಣಿಕೆಯ ಮಿತಿಯನ್ನು ಮುಟ್ಟಿದ್ದವು. ಅದಕ್ಕಿಂತ ಮೇಲೆ ಅವು ಹೇಳಲಾರದಾಗಿದ್ದವು. ಬಲ ಮಾತ್ರ ಏರುತ್ತಲೇ ಇತ್ತು. ಕೊನೆಗೆ ಎಚ್ಚರಿಸಿದ್ದು ಯಾವ ಯಂತ್ರವೂ ಅಲ್ಲ, ಒಬ್ಬ ಸಂಶೋಧಕನ ಮೂಗು. ವಿಕಿರಣದಿಂದ ಗಾಳಿಯಲ್ಲಿ ಹುಟ್ಟಿದ ಓಜೋನಿನ ವಾಸನೆ ಅವನಿಗೆ ಬಂದಿತು. ಆರು ಮಂದಿ ತೀವ್ರವಾದ ವಿಕಿರಣಕ್ಕೆ ಒಳಗಾಗಿದ್ದರು. ಅವರನ್ನು ಪ್ಯಾರಿಸಿಗೆ ಕೊಂಡೊಯ್ದು, ಅಪರಿಚಿತ ದಾನಿಗಳ ಮೂಳೆಮಜ್ಜೆಯನ್ನು ಕಸಿ ಮಾಡುವ ಅಂದಿನ ದಿನಕ್ಕೆ ಹೊಚ್ಚಹೊಸದಾದ ಚಿಕಿತ್ಸೆಯನ್ನು ನಡೆಸಿದರು. ಐವರು ಬದುಕಿದರು, ಒಬ್ಬನು ತೀರಿಕೊಂಡನು. 1960ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅದೇ ಸ್ಥಳದಲ್ಲಿ ಅದೇ ಸನ್ನಿವೇಶವನ್ನು ಎಚ್ಚರಿಕೆಯಿಂದ ಮರಳಿ ನಿರ್ಮಿಸಿ, ಆ ಆರು ಮಂದಿಗೆ ತಗುಲಿದ ವಿಕಿರಣವೆಷ್ಟೆಂದು ಅಳೆಯಿತು.

ಆ ತರುಣರಿಗೆ ಸಮೀಕರಣಗಳು ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಎಣಿಸುವ ಯಂತ್ರವನ್ನು ಯಾವಾಗ ನಂಬಬೇಕು, ಯಾವಾಗ ಸಂಶಯಿಸಬೇಕು ಎಂಬ ವಿವೇಕ ಅಲ್ಲಿ ಬೇಕಾಗಿತ್ತು. ಅದು ಸಮೀಕರಣದಲ್ಲಿ ಇರುವುದಿಲ್ಲ.

ಈಗಿನ ಕಾಲದಲ್ಲಿ ವಿದ್ಯುತ್ ಸ್ಥಾವರಗಳ ಚಾಲಕರು ಗಣಕಯಂತ್ರದಿಂದ ನಡೆಯುವ ಪ್ರತಿಕೃತಿಗಳ ಮುಂದೆ ಕುಳಿತು ಅಭ್ಯಾಸ ಮಾಡುತ್ತಾರೆ. ನಿಯಂತ್ರಣ ಕೊಠಡಿಯನ್ನು ಹಾಗೆಯೇ ಪಡಿಯಚ್ಚು ತೆಗೆದಂತಿರುವ ಈ ಕೊಠಡಿಗಳು ಅತ್ಯುಪಯುಕ್ತವಾದವು. ನಿಜವಾದ ಸ್ಥಾವರದಲ್ಲಿ ಎಂದೂ ಮಾಡಿ ನೋಡಲಾಗದ ಅಪಾಯಗಳನ್ನು ಅಲ್ಲಿ ಮಾಡಿ ನೋಡಬಹುದು. ಆದರೆ ಪ್ರತಿಕೃತಿ ತನ್ನನ್ನು ರಚಿಸಿದವನು ಹೇಳಿಕೊಟ್ಟದ್ದನ್ನಷ್ಟೇ ಹೇಳುತ್ತದೆ. ಅದರಲ್ಲಿ ಸಡಿಲಗೊಂಡ ತಂತಿಯಿಲ್ಲ, ತೊಟ್ಟಿಯ ನೀರಿಲ್ಲ, ತಪ್ಪಿದರೆ ಏನಾಗುವುದೋ ಎಂಬ ಅಂಜಿಕೆಯಿಲ್ಲ. ಎರಡೂ ಬೇಕೆಂಬುದು ನಮ್ಮ ಮತ. ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು.

ನಮ್ಮ ದೇಶದ ಹಿರಿಯರು ಇದನ್ನು ಬೇಗನೆ ಅರಿತಿದ್ದರು. ಮುಂಬಯಿಯ ಬಳಿಯ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ‘ಅಪ್ಸರಾ’ ರಿಯಾಕ್ಟರು ಕ್ರಾಂತಿಕ ಸ್ಥಿತಿಯನ್ನು ಮುಟ್ಟಿತು. ಇಂಧನ ಮಾತ್ರ ಬ್ರಿಟನ್ನಿನದು. ಕಟ್ಟಿದ ಕೈಗಳು ಭಾರತೀಯರವು. ನೀರಿನಾಳದಲ್ಲಿ ಹೊಳೆಯುವ ನೀಲಿ ಬೆಳಕಿನಿಂದಾಗಿ ಅದಕ್ಕೆ ಆ ಹೆಸರು ಒಪ್ಪಿತು. ಮರುವರ್ಷವೇ, 1957ರಲ್ಲಿ, ಅಲ್ಲಿ ತರಬೇತಿ ಶಾಲೆ ತೆರೆಯಿತು. ಅಪ್ಸರೆಯ ಭೌತವಿಜ್ಞಾನವನ್ನು ಹೊತ್ತವರಲ್ಲಿಯೂ ಆ ಶಾಲೆಯನ್ನು ಕಟ್ಟಿ ಬೆಳೆಸಿದವರಲ್ಲಿಯೂ ಅಗ್ರಗಣ್ಯರು ನಮ್ಮ ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು. ವಿಶ್ವವಿದ್ಯಾಲಯಗಳಿಂದ ಆರಿಸಿ ತಂದ ತರುಣ ಪದವೀಧರರಿಗೆ ಪಾಠದ ಕೊಠಡಿಯೂ ರಿಯಾಕ್ಟರೂ ಒಂದೇ ಆವರಣದಲ್ಲಿ ಒದಗಿದ್ದು ದೇಶದ ಭಾಗ್ಯ. 2009ರಲ್ಲಿ ಹಳೆಯ ಅಪ್ಸರಾ ನಿಂತಿತು. 2018ರ ಸೆಪ್ಟೆಂಬರಿನಲ್ಲಿ ಅದೇ ಜಾಗದಲ್ಲಿ ಎರಡು ಮೆಗಾವಾಟ್ ಸಾಮರ್ಥ್ಯದ ಹೊಸ ಅಪ್ಸರಾ ನಡೆಯತೊಡಗಿತು.

ಎಲ್ಲ ದೇಶಗಳಿಗೂ ಈ ಭಾಗ್ಯವಿಲ್ಲ. ರಿಯಾಕ್ಟರೆಂದರೆ ಒಮ್ಮೆ ಕೊಂಡು ಇಟ್ಟುಕೊಳ್ಳುವ ಸೂಕ್ಷ್ಮದರ್ಶಕವಲ್ಲ. ಅದಕ್ಕೆ ಇಂಧನ ಬೇಕು, ಹಗಲಿರುಳು ಕಾವಲು ಬೇಕು, ಪರವಾನಗಿ ಪಡೆದ ಚಾಲಕರು ಬೇಕು. ಬಳಸಿದ ಇಂಧನವನ್ನು ತಲೆಮಾರುಗಳವರೆಗೆ ಜೋಪಾನ ಮಾಡುವ ಹೊಣೆ ಬೇಕು. ಹಳ್ಳಿಯಲ್ಲಿ ಒಬ್ಬನ ಬಳಿ ಆಲೆಮನೆಯಿದ್ದರೆ ಸುತ್ತಲಿನವರೆಲ್ಲ ತಮ್ಮ ಕಬ್ಬನ್ನು ಅಲ್ಲಿಗೇ ತರುವ ಪದ್ಧತಿಯನ್ನು ವಾಚಕರು ಬಲ್ಲರು. ಪರಮಾಣು ವಿದ್ಯೆಗೂ ಅದೇ ದಾರಿ ಉಳಿದದ್ದು.

ಇಂತಹ ಕೂಡುಬಳಕೆಗೆ ಬಹಳ ನೆರವಾದದ್ದು ‘ಟ್ರೈಗಾ’ ಎಂಬ ಜಾತಿಯ ರಿಯಾಕ್ಟರು. ಅದರ ಹೆಸರಿನ ಮೊದಲ ಅಕ್ಷರವೇ ‘ತರಬೇತಿ’ಯನ್ನು ಸೂಚಿಸುತ್ತದೆ. 1956ರ ಬೇಸಗೆಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಎಡ್ವರ್ಡ್ ಟೆಲ್ಲರ್, ಫ್ರೀಮನ್ ಡೈಸನ್ ಮೊದಲಾದವರು ಸೇರಿ, ಹೈಸ್ಕೂಲು ಹುಡುಗರ ಕೈಗೆ ಆಟಕ್ಕೆ ಕೊಟ್ಟರೂ ಅವರಿಗೆ ಕೇಡಾಗದಂತಹ ರಿಯಾಕ್ಟರನ್ನು ಯೋಚಿಸಬೇಕೆಂದು ಹೊರಟರು. (ನಮ್ಮ ಹೈಸ್ಕೂಲು ವಾಚಕರು ಇದನ್ನು ಅಪಮಾನವೆಂದು ತಿಳಿಯಬೇಕಾಗಿಲ್ಲ.) ಅವರ ಉಪಾಯ ಬಲು ಜಾಣತನದ್ದು. ಇಂಧನದ ಜತೆಗೇ ಜಲಜನಕವನ್ನು ಜಿರ್ಕೋನಿಯಂನೊಡನೆ ಬೆರೆಸಿಟ್ಟರು. ಇಂಧನ ಕಾದೊಡನೆ ಆ ಜಲಜನಕ ನ್ಯೂಟ್ರಾನುಗಳ ವೇಗವನ್ನು ಹೆಚ್ಚಿಸಿಬಿಡುತ್ತದೆ. ವೇಗ ಹೆಚ್ಚಿದ ನ್ಯೂಟ್ರಾನು ಯುರೇನಿಯಂ ಬೀಜವನ್ನು ಒಡೆಯುವ ಸಂಭವ ಕಡಿಮೆ. ಯಾರೂ ಗುಂಡಿ ಒತ್ತದೆ, ಇಂಧನದ ಬಿಸಿಯೇ ಕ್ರಿಯೆಯನ್ನು ತಡೆಯುತ್ತದೆ. ವಿಯೆನ್ನಾ ನಗರದಲ್ಲಿ 1962ರಿಂದ ಇರುವ ಟ್ರೈಗಾ ರಿಯಾಕ್ಟರಿನ ನಿತ್ಯದ ಬಲ 250 ಕಿಲೋವಾಟ್. ಬೇಕೆಂದೇ ಒಂದು ಸರಳನ್ನು ಥಟ್ಟನೆ ಮೇಲಕ್ಕೆ ಹಾರಿಸಿದರೆ ಬಲ 250 ಮೆಗಾವಾಟಿನವರೆಗೆ, ಎಂದರೆ ಸಾವಿರ ಪಟ್ಟು, ನೆಗೆದು, ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ತಾನಾಗಿಯೇ ಇಳಿದುಬಿಡುತ್ತದೆ. ತೊಟ್ಟಿಯ ಮೇಲೆ ಬಾಗಿ ನಿಂತವರಿಗೆ ಕಾಣುವುದು ಒಂದು ನೀಲಿ ಮಿಂಚು. ತಾಪದಿಂದ ಬಲ ಇಳಿಯುತ್ತದೆಂಬ ಪುಸ್ತಕದ ವಾಕ್ಯವನ್ನು ಆ ಮಿಂಚನ್ನು ಕಂಡವರು ಮರೆಯುವಂತಿಲ್ಲ.

ವಿಯೆನ್ನಾ, ಪ್ರಾಗ್, ಹಂಗೆರಿಯ ಬುಡಾಪೆಸ್ಟ್, ಸ್ಲೊವೇನಿಯದ ಲ್ಯುಬ್ಲಿಯಾನಾ ಒಂದಕ್ಕೊಂದು ರೈಲಿನಲ್ಲಿ ತಲುಪಬಹುದಾದಷ್ಟು ಹತ್ತಿರದ ಊರುಗಳು. 2008ರಲ್ಲಿ ಈ ಭಾಗದ ಸಂಶೋಧನಾ ರಿಯಾಕ್ಟರುಗಳ ಒಡೆಯರು ಅಂತರರಾಷ್ಟ್ರೀಯ ಸಂಸ್ಥೆಯ ನೆರವಿನಿಂದ ಒಂದು ಕೂಟವಾದರು. ಮರುವರ್ಷದಿಂದ ಆರು ವಾರಗಳ ಶಿಕ್ಷಣವನ್ನು ಏರ್ಪಡಿಸಿದರು. ತಮ್ಮ ಮೊದಲ ರಿಯಾಕ್ಟರನ್ನು ಕಟ್ಟಲು ಯೋಚಿಸುತ್ತಿರುವ ದೇಶಗಳ ಒಂದು ಚಿಕ್ಕ ತಂಡ ಒಂದು ಊರಿನಿಂದ ಇನ್ನೊಂದು ಊರಿಗೆ ಸಂಚರಿಸುತ್ತ ಕಲಿಯುತ್ತದೆ. ಈ ರಿಯಾಕ್ಟರುಗಳ ಗುಣಸ್ವಭಾವಗಳು ಬೇರೆ ಬೇರೆ: ಪ್ರಾಗಿನದು ಬಿಸಿಯೇ ಏರದ ಗುಬ್ಬಚ್ಚಿ, ಬುಡಾಪೆಸ್ಟಿನ ವಿಶ್ವವಿದ್ಯಾಲಯದ್ದು 1971ರಿಂದ ನಡೆಯುತ್ತಿರುವ 100 ಕಿಲೋವಾಟಿನದು, ಲ್ಯುಬ್ಲಿಯಾನಾದ್ದು 1966ರ ಟ್ರೈಗಾ. ಒಂದರಲ್ಲಿ ಕಂಡ ಸ್ವಭಾವ ಇನ್ನೊಂದರಲ್ಲಿ ಕಾಣದು. ಒಂದೇ ಕುದುರೆಯನ್ನು ಏರಿದವನು ಸವಾರನಾಗುವುದಿಲ್ಲವಷ್ಟೆ. ಲ್ಯುಬ್ಲಿಯಾನಾದ ಈ ಪುಟ್ಟ ರಿಯಾಕ್ಟರಿನಲ್ಲಿಯೇ ಆ ದೇಶದ ಕ್ರಶ್ಕೋ ವಿದ್ಯುತ್ ಸ್ಥಾವರದ ಚಾಲಕರೂ ಪಳಗುತ್ತಾರೆ. ಆ ಸ್ಥಾವರವಾದರೂ ಸ್ಲೊವೇನಿಯ, ಕ್ರೊಯೇಷಿಯ ಎರಡೂ ದೇಶಗಳ ಸಮಪಾಲಿನ ಸೊತ್ತು.

ಪ್ರಯಾಣಕ್ಕೆ ಹಣವಿಲ್ಲದವರಿಗೆ ಇನ್ನೊಂದು ಉಪಾಯ ಹುಟ್ಟಿದೆ. ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯ ವಿಶ್ವವಿದ್ಯಾಲಯದ ರಿಯಾಕ್ಟರಿನ ಅಂಕಿಗಳನ್ನೂ ನಿಯಂತ್ರಣ ಕೊಠಡಿಯ ದೃಶ್ಯವನ್ನೂ ಅಂತರಜಾಲದ ಮೂಲಕ, ಅದೇ ಕ್ಷಣದಲ್ಲಿ, ಜೋರ್ಡಾನಿನ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ತರಗತಿಗೆ ಕಳುಹಿಸಿದರು. ಫ್ರಾನ್ಸಿನ ಸಾಕ್ಲೆಯಲ್ಲಿದ್ದ ‘ಈಸಿಸ್’, ಅರ್ಜೆಂಟೀನಾದ ಬರಿಲೋಚೆಯ ‘ಆರ್‌ಎ-6’ ರಿಯಾಕ್ಟರುಗಳೂ ಹೀಗೆಯೇ ದೂರದ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದವು. ಇಲ್ಲಿ ದೂರದ ವಿದ್ಯಾರ್ಥಿ ಸರಳನ್ನು ತಾನೇ ಎತ್ತುವಂತಿಲ್ಲ. ಭದ್ರತೆಯ ದೃಷ್ಟಿಯಿಂದ ಅಂಕಿಗಳು ಒಂದೇ ದಿಕ್ಕಿಗೆ ಹರಿಯುತ್ತವೆ. ಅವನು ‘ಇನ್ನಷ್ಟು ಎತ್ತಿರಿ’ ಎಂದು ಚಾಲಕನನ್ನು ಕೇಳಬಹುದು, ಬಂದ ಅಂಕಿಗಳಿಂದ ತನ್ನ ನಕ್ಷೆಯನ್ನು ಬರೆಯಬಹುದು. ಕೈ ಮುಟ್ಟದ ಈ ಕಲಿಕೆಯನ್ನು ನಾವು ಪೂರ್ಣವೆನ್ನಲಾರೆವು. ಆದರೂ ಆ ಅಂಕಿಗಳು ನಿಜವಾದ ನ್ಯೂಟ್ರಾನುಗಳವು. 2016ರಲ್ಲಿ ಜೋರ್ಡಾನಿನ ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ ಐದು ಮೆಗಾವಾಟಿನ ಸ್ವಂತ ರಿಯಾಕ್ಟರು ಕ್ರಾಂತಿಕ ಸ್ಥಿತಿಯನ್ನು ಮುಟ್ಟಿತು.

ಒಂದೆಡೆ ಹೀಗೆ ಹೊಸ ಕುಲುಮೆಗಳು ಹೊತ್ತಿದರೆ, ಇನ್ನೊಂದೆಡೆ ಹಳೆಯವು ಆರುತ್ತಿವೆ. ಈಸಿಸ್ 2019ರಲ್ಲಿ ನಿಂತಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ಕಾಲಕ್ಕೆ ಅರವತ್ತಕ್ಕೂ ಮಿಗಿಲಾಗಿದ್ದ ರಿಯಾಕ್ಟರುಗಳು ಇಂದು ಅದರ ಅರ್ಧಕ್ಕಿಂತಲೂ ಕಡಿಮೆ. ಕಟ್ಟಡ ಹೋದರೆ ಮತ್ತೆ ಕಟ್ಟಬಹುದು. ಅದರ ಮುಂದೆ ಕುಳಿತು ಕಲಿಸಿದವರು ನಿವೃತ್ತರಾಗಿ ಹೋದ ಮೇಲೆ ಏನಾಗುವುದೆಂಬುದಕ್ಕೆ ಫಿಲಿಪೈನ್ಸ್ ದೇಶದ ಕಥೆಯನ್ನು ನೋಡಬೇಕು. ಆ ಕಥೆಯಲ್ಲಿ ಭಾರತದ ಪಾಲೂ ಇದೆ.

ಮನಿಲಾ ಬಳಿಯ ಕೆಸೋನ್ ನಗರದಲ್ಲಿ 1963ರಲ್ಲಿ ಒಂದು ಮೆಗಾವಾಟಿನ ಸಂಶೋಧನಾ ರಿಯಾಕ್ಟರು ನಡೆಯತೊಡಗಿತು. ಅದರಿಂದ ಹೊರಡುವ ನ್ಯೂಟ್ರಾನ್ ಕಿರಣವನ್ನು ಬಳಸುವ ಉಪಕರಣವಾಗಲಿ ಅನುಭವವಾಗಲಿ ಅಲ್ಲಿ ಸಾಲದಾಗಿತ್ತು. 1960ರ ದಶಕದ ನಡುವಿನಲ್ಲಿ ಭಾರತ, ಫಿಲಿಪೈನ್ಸ್ ಮತ್ತು ಅಂತರರಾಷ್ಟ್ರೀಯ ಸಂಸ್ಥೆ ಮೂರೂ ಒಪ್ಪಂದ ಮಾಡಿಕೊಂಡವು. ಅದರಂತೆ ಟ್ರಾಂಬೆಯವರು, ಹರಳುಗಳಲ್ಲಿ ಪರಮಾಣುಗಳು ಹೇಗೆ ಅಣಿಗೊಂಡಿವೆ, ಹೇಗೆ ಕಂಪಿಸುತ್ತವೆ ಎಂಬುದನ್ನು ನ್ಯೂಟ್ರಾನುಗಳಿಂದ ಪರಿಶೀಲಿಸುವ ರೋಹಿತಮಾಪಕವೊಂದನ್ನು ಅಲ್ಲಿಗೆ ಕೊಟ್ಟರು. ಅದನ್ನು ನಡೆಸಲು ನೆರೆಹೊರೆಯ ಏಷ್ಯಾ ದೇಶಗಳ ತರುಣರಿಗೆ ಅಲ್ಲಿಯೇ ತರಬೇತಿ ಕೊಟ್ಟರು. ಸ್ವತಂತ್ರವಾಗಿ ಇನ್ನೂ ಇಪ್ಪತ್ತು ವರ್ಷ ತುಂಬದ ದೇಶವೊಂದು ಇನ್ನೊಂದರ ರಿಯಾಕ್ಟರಿನ ಮುಂದೆ ನಿಂತು ಮೂರನೆಯದಕ್ಕೆ ಪಾಠ ಹೇಳಿದ ಈ ಪ್ರಸಂಗ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದು.

1980ರ ದಶಕದಲ್ಲಿ ಆ ರಿಯಾಕ್ಟರನ್ನು ಟ್ರೈಗಾ ಆಗಿ ಮಾರ್ಪಡಿಸಿದರು. ಆದರೆ 1988ರಲ್ಲಿ ತೊಟ್ಟಿ ಸೋರತೊಡಗಿ ಅದು ನಿಂತಿತು. ಬತಾನ್ ಎಂಬಲ್ಲಿ ಕಟ್ಟಿ ಮುಗಿಸಿದ್ದ ದೊಡ್ಡ ಪರಮಾಣು ವಿದ್ಯುತ್ ಸ್ಥಾವರದ ರಿಯಾಕ್ಟರಿಗಂತೂ ಎಂದೂ ಇಂಧನವನ್ನು ತುಂಬಲೇ ಇಲ್ಲ. ರಿಯಾಕ್ಟರನ್ನು ನಡೆಸಿದ ಕೈಗಳು ಒಂದೊಂದಾಗಿ ನಿವೃತ್ತವಾದವು. ಕಾಲೇಜುಗಳಲ್ಲಿ ವಿದಳನದ ಪಾಠ ನಡೆಯುತ್ತಿದ್ದರೂ, ಮುಳ್ಳು ನೆಲೆ ನಿಲ್ಲುವವರೆಗೆ ಕಾದು ನೋಡಿದವರು ವರ್ಷದಿಂದ ವರ್ಷಕ್ಕೆ ವಿರಳರಾದರು. ಟ್ರೈಗಾ ಇಂಧನದ ಸರಳುಗಳು ಮಾತ್ರ ಹೆಚ್ಚು ಬಳಕೆಯಾಗದೆ ಕಾಪಿನಲ್ಲಿ ಉಳಿದಿದ್ದವು.

ಅಲ್ಲಿನ ಪರಮಾಣು ಸಂಶೋಧನಾ ಸಂಸ್ಥೆಯ ಹೊಸ ಪೀಳಿಗೆಯವರು ಕೊನೆಗೆ ಆ ಸರಳುಗಳನ್ನೇ ಬಳಸಿ ಒಂದು ಸಾಧನವನ್ನು ಕಟ್ಟಿದರು. ಅದು ಎಂದೂ ಕ್ರಾಂತಿಕ ಸ್ಥಿತಿಯನ್ನು ಮುಟ್ಟದಂತೆ ಇಂಧನವನ್ನು ಮಿತಿಯಲ್ಲಿಟ್ಟ ಜೋಡಣೆ. ನ್ಯೂಟ್ರಾನ್ ಆಕರವನ್ನು ತೆಗೆದರೆ ಕ್ರಿಯೆ ನಂದಿಹೋಗುತ್ತದೆ. ಕಲಿಸುವುದೇ ಅದರ ಮುಖ್ಯ ಕೆಲಸ. 2022ರಲ್ಲಿ, ಮೂವತ್ತನಾಲ್ಕು ವರ್ಷಗಳ ಬಳಿಕ, ಅದೇ ಕಟ್ಟಡದಲ್ಲಿ ಸರಳುಗಳನ್ನು ಮತ್ತೆ ನೀರಿಗೆ ಇಳಿಸಿದರು. ಒಂದಿಷ್ಟು ಸರಳು ಇಳಿಸುವುದು, ಎಣಿಕೆ ನಿಲ್ಲುವವರೆಗೆ ಕಾಯುವುದು, ಅಂಕಿಯನ್ನು ತಲೆಕೆಳಗು ಮಾಡಿ ನಕ್ಷೆಯಲ್ಲಿ ಗುರುತಿಸುವುದು, ಮತ್ತೆ ಒಂದಿಷ್ಟು ಸರಳು ಇಳಿಸುವುದು.